ನನ್ನ ಮೋಟಾರ್ ಸೈಕಲ್ಲು ಹಗುರವಾದದ್ದು

ಮೋಟಾರ್ ಸೈಕಲ್ಲಿನ ತೂಕ ಇಳಿಸುವುದು ಬಹಳ ಸುಲಭ. ಅದರಲ್ಲಿ ಇರುವುದನ್ನು ಒಂದೊಂದಾಗಿ ತೆಗೆಯುತ್ತ ಹೋದರಾಯಿತು. ತೆಗೆಯುವುದಕ್ಕೆ ದುಡ್ಡೂ ಬೇಕಿಲ್ಲ. ಇಷ್ಟು ಸರಳವಾದ ವಿಷಯ ಹೊಸನಗರದಲ್ಲಿ ಅದುವರೆಗೆ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಗಿತ್ತು. ಆಗ ಊರಿನಲ್ಲಿ ಮೋಟಾರ್ ಸೈಕಲ್ಲು ಇದ್ದವನು ಹೆಚ್ಚುಕಡಿಮೆ ನಾನೊಬ್ಬನೇ ಎಂಬುದು ಬೇರೆ ಮಾತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಗಾಡಿ ನನಗೆ ಸಿಕ್ಕಿದ್ದು ಲಿಂಗನಮಕ್ಕಿಯ ಕಟ್ಟೆ ಕೆಲಸಕ್ಕೆ ಬಂದಿದ್ದ ಒಬ್ಬ ಕಂಟ್ರಾಕ್ಟರಿನಿಂದ. ಕೆಲಸ ಮುಗಿದು ಅವನು ಊರಿಗೆ ಹೊರಟಾಗ ಗಾಡಿ ಹೊರಡಲಿಲ್ಲ. ಹಾಗಾಗಿ ನನ್ನ ಪಾಲಿಗೆ ಬಂತು. ಸಮತಟ್ಟು ರಸ್ತೆಯಲ್ಲಿ ಅದು ಗಾಂಭೀರ್ಯದಿಂದ ಚಲಿಸುತ್ತಿತ್ತು. ದೊಡ್ಡ ಏರು ಕಂಡರೆ ನಿಲ್ಲುತ್ತಿತ್ತು. ಹಿಂದೆ ಕೂತವರು ಇಳಿದರೆ ಮತ್ತೆ ಹೊರಡುತ್ತಿತ್ತು. ಹಿಂದೆ ಕೂರುತ್ತಿದ್ದವಳು ನನ್ನ ಹೆಂಡತಿ ಶಾರದೆ.

ಶಾರದೆಯ ತವರು ತೀರ್ಥಹಳ್ಳಿಯ ಕಡೆ. ಆ ಊರು ಮುಟ್ಟುವ ಮುಂಚೆ ಒಂದು ಉದ್ದದ ಏರು ಇದೆ. ಏರಿನ ನೆತ್ತಿಯಲ್ಲಿ ಐತಾಳರ ಹೋಟೆಲು, ಹೋಟೆಲಿನ ಮುಂದೆ ಒಂದು ಬೆಂಚು, ಬೆಂಚಿನ ಮೇಲೆ ಸದಾಕಾಲ ಅರ್ಧ ಊರು. ಏರು ಹತ್ತಿ ಯಾರು ಬಂದರು, ಹೇಗೆ ಬಂದರು ಎಂದು ನೋಡುವುದೇ ಅವರ ಕಸುಬು. ಹಿಂದಿನ ವರ್ಷ ನಾವು ಹಬ್ಬಕ್ಕೆ ಹೋದಾಗ ಎಂದಿನಂತೆ ಶಾರದೆ ಏರಿನ ಬುಡದಲ್ಲಿ ಇಳಿದಳು, ನಾನು ಗಾಡಿ ಹತ್ತಿಸಿದೆ, ಅವಳು ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಕೆಂಪು ಧೂಳಿನಲ್ಲಿ ನಡೆದು ಬಂದಳು. ಅದೇ ಹೊತ್ತಿಗೆ ಬಸ್ಸು ಬರಬೇಕೆ! ಬಸ್ಸಿನ ಕಿಟಕಿಯಲ್ಲಿ ಅವಳ ದೊಡ್ಡಮ್ಮ ಇರಬೇಕೆ!

"ಎಂತದೇ ಶಾರದೆ, ಗಂಡ ದಾರೀಲೇ ಇಳ್ಸಿ ಹೋದ್ನಾ?"

ಬಸ್ಸೂ ನಕ್ಕಿತು, ಬೆಂಚೂ ನಕ್ಕಿತು. ಶಾರದೆ ಆ ಹಬ್ಬದಲ್ಲಿ ಹೋಳಿಗೆ ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬಹಳ ನಾಚಿಕೆಯಾಗಿತ್ತು, ಆದರೆ ಹೋಳಿಗೆ ತಿಂದೆ.

ಈಗ ಬೇಸಿಗೆಯಲ್ಲಿ ಅವಳ ತಂಗಿಯ ಮದುವೆ ಗೊತ್ತಾಯಿತು. ಸುದ್ದಿ ಬಂದ ದಿನವೇ ಶಾರದೆ ತನ್ನ ತೀರ್ಮಾನ ಪ್ರಕಟಿಸಿದಳು. "ನೋಡಿ, ಈ ಸಲ ಆ ಏರಲ್ಲಿ ನಾನು ಕೂತೇ ಹೋಗ್ಬೇಕು. ನನ್ನ ಕಾಲು ನೆಲ ಮುಟ್ತೋ, ಆಮೇಲೆ ಈ ಜನ್ಮದಲ್ಲಿ ನಿಮ್ಮ ಗಾಡಿ ಹತ್ತೋದಿಲ್ಲ."

ಇದು ನನ್ನ ಸಂಸಾರದ ಮರ್ಯಾದೆಯ ಪ್ರಶ್ನೆ. ವಿಜ್ಞಾನದ ಮರ್ಯಾದೆಯ ಪ್ರಶ್ನೆಯೂ ಹೌದು.

ಸಾಗರದಲ್ಲಿದ್ದ ಗೆಳೆಯನೊಬ್ಬನ ಮನೆಯಲ್ಲಿ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಅದರಲ್ಲಿ ರೇಸಿನ ಗಾಡಿಗಳ ಚಿತ್ರಗಳಿದ್ದವು. ಒಂದಕ್ಕೂ ಮಡ್‌ಗಾರ್ಡ್ ಇಲ್ಲ, ದೀಪ ಇಲ್ಲ, ಹಾರನ್ ಇಲ್ಲ. ಉಳಿದ ಭಾಗಗಳಿಗೂ ತೂಕ ಇಳಿಯಲೆಂದು ಅಲ್ಲಲ್ಲಿ ತೂತು! ಕಡಿಮೆ ಖರ್ಚಿನಲ್ಲಿ ನಿಮ್ಮ ಗಾಡಿಯನ್ನೂ ಹೀಗೆ ಹಗುರ ಮಾಡಿಕೊಳ್ಳಿ, ರಸ್ತೆಗೂ ಆಯಿತು ರೇಸಿನ ಮೈದಾನಕ್ಕೂ ಆಯಿತು ಎಂದು ಬರೆದಿತ್ತು. ಕಣ್ಣಿಗೆ ಒತ್ತಿಕೊಂಡು ತಂದೆ.

ಮರುದಿನವೇ ಸೈಕಲ್ ಶಾಪಿನಿಂದ ಪಾನಾಗಳನ್ನು ಎರವಲು ತಂದು ಅಂಗಳದಲ್ಲಿ ಕೂತೆ. ಮುಂದಿನ ಮಡ್‌ಗಾರ್ಡ್ ಹೋಯಿತು. ಹಗಲು ಹೋಗುವವನಿಗೆ ದೀಪ ಏಕೆ? ಹೋಯಿತು. ಬಾಯಿ ಇರುವವನಿಗೆ ಹಾರನ್ ಏಕೆ? ಅದೂ ಹೋಯಿತು. ಸ್ಟ್ಯಾಂಡು ಗಾಡಿ ನಿಂತಾಗ ಮಾತ್ರ ಬೇಕಾಗುವ ವಸ್ತು. ನಾವು ಹೊರಟಿರುವುದು ಓಡಿಸುವುದಕ್ಕೆ. ಸೈಲೆನ್ಸರ್ ಬಿಚ್ಚಿ ಕೈಯಲ್ಲಿ ಎತ್ತಿ ನೋಡಿದರೆ ಒಳ್ಳೆ ಒನಕೆಯಷ್ಟು ಭಾರ. ಇಷ್ಟು ದಿನ ಇದನ್ನು ಸುಮ್ಮನೆ ಹೊತ್ತು ತಿರುಗಿದೆನಲ್ಲ ಎಂದು ಮರುಗಿದೆ. ಕೊನೆಗೆ ಹಿಂದಿನ ಸ್ಪ್ರಿಂಗ್ ಸೀಟು ಕಿತ್ತು ಅಲ್ಲಿ ಕಂಬಳಿ ಮಡಚಿ ಕಟ್ಟಿದೆ. ಅವಳು ಕಾಲಿಡುತ್ತಿದ್ದ ಕಬ್ಬಿಣದ ಪಟ್ಟಿಯನ್ನೂ ಬಿಚ್ಚಿದೆ.

"ಅಲ್ಲ, ನಾ ಕಾಲು ಎಲ್ಲಿಡೋದು?" ಎಂದಳು ಶಾರದೆ.

"ಇಳಿಬಿಡು ಮಾರಾಯ್ತಿ. ಕಾಲಿಗೂ ಆರಾಮ."

"ಇನ್ನು ಉಳಿದದ್ದು ಎಂತ? ನೀವೂ ನಾನೂ. ಆ ಚಿತ್ರದ ಹಾಗೆ ನಮಗೂ ತೂತು ಹೊಡೀತೀರಾ?"

ಮಹತ್ಕಾರ್ಯಕ್ಕೆ ಕೈ ಹಾಕಿದವರು ಇಂಥ ಮಾತಿಗೆ ಕಿವಿಗೊಡಬಾರದು. ಗಾಡಿಯನ್ನು ಶಾಲೆಯ ಮೈದಾನಕ್ಕೆ ಒಯ್ದು ರೇಸಿನವರ ಹಾಗೆ ಸುತ್ತು ಹೊಡೆದೆ. ಆಹಾ, ಏನು ವೇಗ! ಏನು ಸದ್ದು! ಹೆಡ್ ಮೇಷ್ಟ್ರು ಕಿವಿ ಮುಚ್ಚಿಕೊಂಡು ಹೊರಗೆ ಬಂದು ಏನೋ ಹೇಳಿದರು. ಅಭಿನಂದನೆ ಇರಬೇಕೆಂದುಕೊಂಡು ಕೈ ಬೀಸಿದೆ. ಅದು ಅಭಿನಂದನೆಯಲ್ಲವೆಂದು ಮರುದಿನ ಅವರೇ ಕರೆದು ತಿಳಿಸಿದರು.

ಗಾಡಿ ಹಗುರವಾದ ವಿಷಯವನ್ನು ನಾನು ಊರಿನಲ್ಲಿ ಗುಟ್ಟಾಗಿ ಇಡಬೇಕಾಗಿತ್ತು. ಹೆಮ್ಮೆ ಬಿಡಲಿಲ್ಲ. ಮದುವೆಗೆ ಹೊರಡುವ ಬೆಳಿಗ್ಗೆ ಪಕ್ಕದ ಮನೆಯ ಗಿರಿಜಕ್ಕ ಒಂದು ಸಿಹಿಗುಂಬಳಕಾಯಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದರು.

"ಮೇಷ್ಟ್ರೇ, ಗಾಡಿ ಹಗುರ ಆಗಿದ್ಯಂತಲ್ಲ? ಇದೊಂದು ಮದುವೆ ಮನೆಗೆ ಕೊಟ್ಬಿಡಿ. ಹುಳಿಗೆ ಆಗ್ತದೆ. ಜೊತೆಗೆ ಈ ಡಬ್ಬ, ಜೋನಿಬೆಲ್ಲ, ನಮ್ಮ ಆಲೆಮನೇದು."

ಮದುವೆ ಮನೆಗೆ ಕಳಿಸಿದ ಸಾಮಾನನ್ನು ಒಲ್ಲೆ ಎನ್ನುವ ಬಾಯಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. "ಅದಕ್ಕೇನಂತೆ ಗಿರಿಜಕ್ಕ, ಕೊಡಿ" ಎಂದೆ. ಕುಂಬಳಕಾಯಿಯನ್ನು ಚೀಲಕ್ಕೆ ಹಾಕಿ ಹ್ಯಾಂಡಲಿಗೆ ನೇತುಹಾಕಿದೆ. ಬೆಲ್ಲದ ಡಬ್ಬ ಶಾರದೆಯ ಮಡಿಲು ಸೇರಿತು.

ಈಗ ಏನಾಯಿತು? ಸೈಲೆನ್ಸರ್ ತೆಗೆದದ್ದು ಕುಂಬಳಕಾಯಿಗೆ ವಜಾ ಆಯಿತು! ಆದರೆ ವಿಜ್ಞಾನಿ ಅಷ್ಟಕ್ಕೆಲ್ಲ ಸೋಲುವುದಿಲ್ಲ. ಪೆಟ್ರೋಲಿಗೂ ತೂಕವಿದೆಯಷ್ಟೆ? ಮದುವೆ ಮನೆ ಮುಟ್ಟುವುದಕ್ಕೆ ಎಷ್ಟು ಬೇಕೋ ಅಷ್ಟನ್ನು ಟಾಂಕಿಯಲ್ಲಿ ಬಿಟ್ಟು, ಉಳಿದದ್ದನ್ನು ಇನ್ನೊಂದು ಡಬ್ಬಕ್ಕೆ ಬಸಿದು ಗಿರಿಜಕ್ಕನ ಮನೆಯಲ್ಲಿಟ್ಟೆ. ವಾಪಸು ಬರುವ ದಾರಿಯದನ್ನು ನಾಳೆ ಬಸ್ಸಿನವರ ಕೈಯಲ್ಲಿ ತರಿಸಿಕೊಂಡರಾಯಿತು. ಈ ಜಾಣತನವನ್ನು ಹೆಂಡತಿಗೆ ಹೇಳಲಿಲ್ಲ. ಏರು ಹತ್ತಿದ ಮೇಲೆ ಹೇಳಿ ಮೆಚ್ಚಿಸುವ ಆಸೆ.

ಹೊರಟೆವು. ದಾರಿಯುದ್ದಕ್ಕೂ ಎಮ್ಮೆಗಳು ನಮ್ಮ ಸದ್ದು ಕೇಳಿಯೇ ಗದ್ದೆಗೆ ಹಾರಿ ಜಾಗ ಬಿಟ್ಟವು; ಹಾರನ್ ಬೇಕಾಗಲಿಲ್ಲ. ಶಾರದೆ ಹಿಂದಿನಿಂದ ಆಗಾಗ ಏನೋ ಹೇಳುತ್ತಿದ್ದಳು. ಒಂದಕ್ಷರ ಕೇಳುತ್ತಿರಲಿಲ್ಲ. ನಮ್ಮ ದಾಂಪತ್ಯದಲ್ಲಿ ಅಷ್ಟು ನೆಮ್ಮದಿಯ ಪ್ರಯಾಣ ಅದುವರೆಗೆ ಆಗಿರಲಿಲ್ಲ.

ಏರು ಬಂತು. ಬುಡದಲ್ಲಿ ನಿಧಾನ ಮಾಡಿ ಗೇರು ಬದಲಿಸಿ, ಇಷ್ಟದೇವರನ್ನು ನೆನೆದು ಹ್ಯಾಂಡಲ್ ತಿರುಚಿದೆ. ಗಾಡಿ ಜಿಂಕೆಯ ಹಾಗೆ ಚಿಮ್ಮಿತು! ನನಗೇ ನಂಬಿಕೆ ಬರಲಿಲ್ಲ. ಒಂದು ತಿರುವು, ಎರಡನೇ ತಿರುವು, ಎಲ್ಲೂ ಏದುಸಿರಿಲ್ಲ. ಕಣ್ಣಲ್ಲಿ ನೀರು ಬಂತು. ಹೋಟೆಲಿನ ಮುಂದೆ ಬೆಂಚಿಗೆ ಬೆಂಚೇ ಎದ್ದು ನಿಂತಿತ್ತು. ಒಂದು ಕಾಲು ನೆಲಕ್ಕೂರಿ, ಎದೆಯುಬ್ಬಿಸಿ ಕೂಗಿದೆ:

"ನೋಡಿದ್ರಾ ಐತಾಳ್ರೇ! ನಮ್ಮ ಮನೆಯವಳನ್ನ ಕೂರಿಸ್ಕೊಂಡೇ ಹತ್ತಿಸ್ದೆ!"

ಐತಾಳರು ನನ್ನ ಹಿಂದೆ ನೋಡಿದರು. ಬಗ್ಗಿ ಇನ್ನೊಮ್ಮೆ ನೋಡಿದರು.

"ಎಲ್ಲಿದಾರೆ ಮಾರಾಯ್ರೆ?"

ತಿರುಗಿದೆ. ಕಂಬಳಿ ಇತ್ತು. ಶಾರದೆ ಇರಲಿಲ್ಲ!

ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಏರಿನ ಬುಡದಲ್ಲಿ ನಾನು ನಿಧಾನ ಮಾಡಿದೆನಲ್ಲ, ಇಷ್ಟು ವರ್ಷದ ಅಭ್ಯಾಸ, ಅವಳ ಕಾಲು ತಾನಾಗಿ ನೆಲಕ್ಕೆ ಹೋಯಿತು. ಇಡಲು ಬೇರೆ ಜಾಗವನ್ನಾದರೂ ನಾನೆಲ್ಲಿ ಉಳಿಸಿದ್ದೆ? ತಪ್ಪಾಯಿತೆಂದು ತಿಳಿಯುವಷ್ಟರಲ್ಲಿ ಕಂಬಳಿ ಅವಳ ಅಡಿಯಿಂದ ಜಾರಿ ಮುಂದೆ ಹೋಗಿತ್ತು. ಬೆಲ್ಲದ ಡಬ್ಬ ಹಿಡಿದುಕೊಂಡೇ ಕೂಗಿದಳಂತೆ. ಸೈಲೆನ್ಸರ್ ಇಲ್ಲದ ಗಾಡಿಗೆ ಹೆಂಡತಿಯ ಕೂಗು ಯಾವ ಲೆಕ್ಕ?

ಆಗ ನನಗೆ ಇದೊಂದೂ ಗೊತ್ತಿಲ್ಲ. ಎಲ್ಲಿ ಬಿದ್ದಳೋ ಎಂದು ಜೀವ ಹಾರಿಹೋಯಿತು. ಇಳಿದು ಓಡೋಣವೆಂದರೆ ಗಾಡಿಗೆ ಸ್ಟ್ಯಾಂಡಿಲ್ಲ. ಹೋಟೆಲಿನ ಕಂಬಕ್ಕೆ ಒರಗಿಸಲು ಹೋದೆ. "ಬೇಡಿ ಮೇಷ್ಟ್ರೇ, ಆ ಕಂಬ ನನ್ನ ಅಜ್ಜನ ಕಾಲದ್ದು" ಎಂದು ಐತಾಳರು ಅಡ್ಡ ನಿಂತರು. ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ಇಳಿದೆ. ನಡುವೆ ಬಸ್ಸೊಂದು ಎದುರಾಗಿ ಧೂಳೆಬ್ಬಿಸಿ ಮೇಲೆ ಹೋಯಿತು. ಬುಡಕ್ಕೆ ಬಂದರೆ ದನ ಕಾಯುವ ಮುದುಕನೊಬ್ಬನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ.

"ಇಲ್ಲೊಬ್ರು ಹೆಂಗಸು ಬಿದ್ದಿದ್ರಾ?"

"ಬೀಳ್ಲಿಲ್ಲಪ್ಪ. ಡಬ್ಬ ಹಿಡ್ಕಂಡು ಬೈತಾ ನಿಂತಿದ್ರು. ಈಗ ಬಸ್ಸು ಹತ್ತಿ ಹೋದ್ರು."

ಹೋದ ಜೀವ ಬಂತು. ಬೈಯುವಷ್ಟು ಚೆನ್ನಾಗಿದ್ದಾಳೆಂದರೆ ಸಾಕು. ಸಂತೋಷದಿಂದ ಮತ್ತೆ ಏರು ಹತ್ತಲು ಹೊರಟೆ. ಮೊದಲ ತಿರುವಿನಲ್ಲಿ ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಟಾಂಕಿಯ ಮುಚ್ಚಳ ತೆಗೆದು ನೋಡಿದೆ. ನನ್ನ ಲೆಕ್ಕ ಕರಾರುವಾಕ್ಕಾಗಿಯೇ ಇತ್ತು. ಆ ಲೆಕ್ಕದಲ್ಲಿ ಈ ಏರು ಒಂದೇ ಸಲ ಇತ್ತು, ಅಷ್ಟೆ.

ಬಿಳಿ ಪಂಚೆ ಎತ್ತಿ ಕಟ್ಟಿ, ಕೆಂಪು ಧೂಳಿನಲ್ಲಿ ಗಾಡಿ ತಳ್ಳತೊಡಗಿದೆ. ಹ್ಯಾಂಡಲಿನಲ್ಲಿದ್ದ ಗಿರಿಜಕ್ಕನ ಕುಂಬಳಕಾಯಿ ಹೆಜ್ಜೆಹೆಜ್ಜೆಗೂ ಮೊಣಕಾಲಿಗೆ ಗುದ್ದುತ್ತಿತ್ತು. ನೆತ್ತಿ ಮುಟ್ಟಿದಾಗ ಬಸ್ಸು ಐತಾಳರ ಹೋಟೆಲಿನ ಮುಂದೆ ಕಾಫಿಗೆ ನಿಂತಿತ್ತು. ಬೆಂಚು ತುಂಬಿತ್ತು. ಬಸ್ಸಿನ ಒಂದು ಕಿಟಕಿಯಲ್ಲಿ ದೊಡ್ಡಮ್ಮ, ಪಕ್ಕದ ಕಿಟಕಿಯಲ್ಲಿ ರೇಷ್ಮೆ ಸೀರೆಯ ಒಂದು ನೆರಿಗೆಯೂ ಕೆಡದಂತೆ ಕೂತ ಶಾರದೆ. ಮಡಿಲಲ್ಲಿ ಬೆಲ್ಲದ ಡಬ್ಬ. ಅವಳು ಹೇಳಿದಂತೆಯೇ ಆ ಏರನ್ನು ಕೂತೇ ಹತ್ತಿದ್ದಳು.

ನನ್ನನ್ನು ನೋಡಿದಳು. ದೊಡ್ಡಮ್ಮನನ್ನು ನೋಡಿದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಡೀ ಬೆಂಚಿಗೆ ಕೇಳುವ ಹಾಗೆ ವಿಚಾರಿಸಿದಳು:

"ಎಂತ ಮಾರಾಯ್ರೆ, ಗಾಡಿ ದಾರೀಲೇ ಇಳ್ಸಿ ಹೋಯ್ತಾ?"

ಬಸ್ಸು ಮುಂದೆ ಹೋಯಿತು. ಮದುವೆ ಮನೆಗೆ ಇನ್ನೂ ಒಂದಷ್ಟು ದೂರವಿತ್ತು. ತಳ್ಳಿಕೊಂಡೇ ಹೋದೆ. ಒಂದು ಮಾತು ಮಾತ್ರ ಒಪ್ಪಬೇಕು, ನನ್ನ ಪ್ರಯೋಗ ವ್ಯರ್ಥವಾಗಲಿಲ್ಲ. ತಳ್ಳುವುದಕ್ಕೆ ಗಾಡಿ ನಿಜವಾಗಿಯೂ ಬಹಳ ಹಗುರವಾಗಿತ್ತು!