ಬಂದವರ ಮುಂದಿಡುವ ತಂಬಿಗೆ ನೀರಿನ ಮಿತವ್ಯಯ

ಸಂಖ್ಯೆ: ಅ.ಜ.ಮಿ./ತಂಬಿಗೆ/19/2024-25
ದಿನಾಂಕ: 02-05-2024
ಶಿಬಿರ: ಹೊಳೆದಂಡೆಯ ವಿಶ್ರಾಂತಿ ಗೃಹ

ವಿಷಯ: ಮನೆಗೆ ಬಂದವರಿಗೆ ನೀರು ಕೊಡುವ ರೂಢಿಯನ್ನು ಮಿತಗೊಳಿಸುವ ಹಾಗೂ ಕರಿಮಡ್ಡಿ ಗ್ರಾಮದ ಶ್ರೀಮತಿ ಪಕ್ಕೀರವ್ವ ಇವರ ನಳ ಸಂಪರ್ಕವನ್ನು ಕಡಿತಗೊಳಿಸುವ ಕುರಿತು.

ಉಲ್ಲೇಖ: 1) ತಂಬಿಗೆ ಪರಿಶೀಲನಾ ತಂಡದ ವರದಿ.
2) ಸದರಿ ಪಕ್ಕೀರವ್ವ ಇವರ ಬಾಯಿಮಾತಿನ ಹೇಳಿಕೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ನೀರಿನ ಅಭಾವಕ್ಕೆ ಕಾರಣವೇನೆಂದು ಮೂರು ಸಭೆಗಳಲ್ಲಿ ಕೂಲಂಕಷವಾಗಿ ಚರ್ಚಿಸಲಾಗಿದೆ. ಕೆರೆಯ ಹೂಳು, ಕೊಳವೆಬಾವಿ, ಒಡೆದ ಪೈಪು ಇತ್ಯಾದಿಗಳು ಬೇರೆ ಬೇರೆ ಇಲಾಖೆಗಳಿಗೆ ಸೇರಿದವಾದ್ದರಿಂದ, ಈ ಇಲಾಖೆಯ ಪಾಲಿಗೆ ಉಳಿದಿರುವ ಏಕೈಕ ಕಾರಣ ಅತಿಥಿಯ ಮುಂದಿಡುವ ತಂಬಿಗೆ ನೀರು ಎಂದು ತೀರ್ಮಾನಿಸಲಾಗಿದೆ. ಆ ಪ್ರಯುಕ್ತ ಸಾರ್ವಜನಿಕರು ಕೆಳಕಂಡಂತೆ ನಡೆದುಕೊಳ್ಳತಕ್ಕದ್ದು.

1. ತುಂಬಿದ ತಂಬಿಗೆಯನ್ನು ಅತಿಥಿಗೆ ತೋರಿಸಿ ಒಳಗೆ ಒಯ್ದಲ್ಲಿ ನೀರು ಕೊಟ್ಟಂತೆಯೇ ಪರಿಗಣಿಸಲಾಗುವುದು. ಅತಿಥಿಯು ತೃಪ್ತಿಯಾಯಿತೆಂದು ನಮೂನೆ-ತಂ2ರಲ್ಲಿ ಸಹಿ ಮಾಡತಕ್ಕದ್ದು.

2. ಕಾಲಿಗೆ ನೀರು ಕೊಡುವಾಗ, ಹೊಸ್ತಿಲೊಳಗೆ ಮೊದಲು ಇಡುವ ಬಲಗಾಲಿಗೆ ಮಾತ್ರ ಕೊಡತಕ್ಕದ್ದು. ಎಡಗಾಲನ್ನು ಮುಂದಿನ ಭೇಟಿಯಲ್ಲಿ ತೊಳೆಯಲು ಅವಕಾಶವಿದೆ.

3. ಬೀಗರು ಸಂಬಂಧ ಮಾತಾಡಲು ಬಂದರೆ ಪೂರ್ಣ ತಂಬಿಗೆ, ಜಗಳಕ್ಕೆ ಬಂದರೆ ಅರ್ಧ. ಸಂಬಂಧ ಮಾತಾಡಲು ಬಂದು ಜಗಳಕ್ಕೆ ತಿರುಗಿದಲ್ಲಿ, ಕುಡಿದ ಹೆಚ್ಚುವರಿ ಅರ್ಧವನ್ನು ಮರಳಿಸುವ ವಿಧಾನದ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

4. ಮಿರ್ಚಿ ಭಜಿ ಕೊಟ್ಟು ನೀರು ಕೊಡದಿರುವುದು ಅಮಾನವೀಯ, ಕೊಡುವುದು ಉಲ್ಲಂಘನೆ. ಆದ್ದರಿಂದ ಮಿರ್ಚಿಯನ್ನೂ ತೋರಿಸಿ ಒಳಗೆ ಒಯ್ಯತಕ್ಕದ್ದು.

5. ಹುಣ್ಣಿಮೆಗೆ ಹೊಳೆದಂಡೆಯ ಹುಲಿಗಿ ದೇವಸ್ಥಾನಕ್ಕೆ ನಡೆದು ಹೋಗುವವರು ನೀರು ಕೇಳಿದಲ್ಲಿ, ಹೊಳೆ ಇನ್ನೆಷ್ಟು ದೂರವಿದೆ ಎಂಬುದನ್ನು ಸೌಜನ್ಯದಿಂದ ತಿಳಿಸುವುದು.

6. ಪರಿಶೀಲನೆಗೆ ಬರುವ ಅಧಿಕಾರಿಗಳು ಅತಿಥಿಗಳಲ್ಲವಾದ್ದರಿಂದ ಅವರಿಗೆ ಯಾವುದೇ ಮಿತಿ ಅನ್ವಯಿಸುವುದಿಲ್ಲ. ಗಾಜಿಗೆ ಧೂಳು ಹಿಡಿದರೆ ಒಳಗೆ ಕುಳಿತವರಿಗೆ ಬರಗಾಲ ಸ್ಪಷ್ಟವಾಗಿ ಕಾಣದು. ಆದ್ದರಿಂದ ಅವರ ವಾಹನವನ್ನು ಪ್ರತಿ ಊರಿನಲ್ಲೂ ತೊಳೆದು ಕಳಿಸತಕ್ಕದ್ದು.

7. ಸದರಿ ಪಕ್ಕೀರವ್ವ ಇವರು ಐವರ ಪರಿಶೀಲನಾ ತಂಡಕ್ಕೆ ಐದು ತಂಬಿಗೆ ನೀರು ಕೊಟ್ಟು ಸಿಕ್ಕಿಬಿದ್ದಿರುತ್ತಾರೆ. ತಂಡವು ಅಧಿಕಾರಿಗಳದ್ದೇ ಆದರೂ, ಕೊಡುವಾಗ ಅವರು ಯಾರೆಂದು ಈಕೆ ವಿಚಾರಿಸದೆ ಇರುವುದರಿಂದ ಕಂಡಿಕೆ 6ರ ವಿನಾಯಿತಿ ಲಭ್ಯವಿಲ್ಲ. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಬಿಸಲಾಗ ಬಂದಿದ್ರಿ, ಮಾರಿ ಬಾಡಿತ್ತು, ಕೊಟ್ಟೆ. ಕುಡದು, ಮಾರಿ ತೊಳಕೊಂಡು, ಆಮ್ಯಾಲ ಬರಕೊಂಡ್ರಿ. ಆ ನೀರು ನಿಮ್ಮ ನಳದ್ದಲ್ರಿ, ದಾಳಿಂಬ್ರಿ ತ್ವಾಟದ ಬೋರಿನಿಂದ ಎರಡು ಮೈಲಿ ಹೊತ್ತು ತಂದಿದ್ದು. ಬಂದಾರಿಗೆ ನೀರು ಕೊಡಲಾರದ ಕದಾ ಹಾಕ್ಕೊಂಡು ಕುಂದರ್ಲೇನ್ರಿ? ನನಗ ಭಾಳ ಸಿಟ್ಟು ಬಂದೈತಿ. ಆದ್ರ ನೀವು ನಾಳಿ ಬಂದ್ರೂ ನಾ ಕೊಡಾಕೀನ.” ಸದರಿ ಉತ್ತರವು ಸಮಂಜಸವಾಗಿರುವುದಿಲ್ಲ. ಮುಂದೆಯೂ ಕೊಡುವ ಉದ್ದೇಶ ವ್ಯಕ್ತವಾಗಿರುವುದರಿಂದ ಅವರ ನಳ ಸಂಪರ್ಕ ಕಡಿತಕ್ಕೆ ಆದೇಶಿಸಲಾಗಿದೆ.

8. ಕಡಿತಕ್ಕೆ ಹೋದ ನಳ ಜೋಡಣೆಗಾರ ಶಬ್ಬೀರಸಾಬ ಇವರು, ಮನೆಯ ಮುಂದೆ ಸಿಮೆಂಟಿನ ಕಟ್ಟೆಯ ಹೊರತು ನಳವಾಗಲಿ ಪೈಪಾಗಲಿ ಇಲ್ಲವೆಂದು ವರದಿ ಮಾಡಿ, “ಏನು ಕಡೀಲ್ರಿ ಸರ, ಕಟ್ಟಿ ಕಡೀಲೇನು?” ಎಂದು ಮಾರ್ಗದರ್ಶನ ಕೋರಿರುತ್ತಾರೆ. ಕಡತದಲ್ಲಿ ನಳವಿದ್ದು, ಎರಡು ವರ್ಷದಿಂದ ನೀರೂ ಬರುತ್ತಿದೆ. ಆದ್ದರಿಂದ ಬರುವ ಸೋಮವಾರ ಬೆಳಿಗ್ಗೆ ಸದರಿ ಮನೆಗೆ ನಳ ಜೋಡಿಸಿ, ಮಧ್ಯಾಹ್ನದೊಳಗೆ ಕಡಿತಗೊಳಿಸಿ, ಎರಡೂ ಹಂತದ ಫೋಟೋ ಸಲ್ಲಿಸತಕ್ಕದ್ದು.

(ಸಹಿ ಇದೆ, ಓದಲು ಬರುತ್ತಿಲ್ಲ)
ಪ್ರಭಾರ ಉಪನಿರ್ದೇಶಕರು
ಅತಿಥಿ ಜಲ ಮಿತವ್ಯಯ ವಿಭಾಗ

ಪ್ರತಿಗಳು:
1. ಎಂಜಿನಿಯರರಿಗೆ, ಅರ್ಧ ದಿನದ ನಳದ ಸಲುವಾಗಿ.
2. ಸೀಮೆಯ ಸಮಸ್ತ ಬೀಗರಿಗೆ, ತಿಳುವಳಿಕೆಗಾಗಿ.
3. ಮಿರ್ಚಿ ಅಂಗಡಿಯವರಿಗೆ, ಎಚ್ಚರಿಕೆಗಾಗಿ.
4. ಕಚೇರಿ ಕಡತಕ್ಕೆ.
5. ಶ್ರೀಮತಿ ಪಕ್ಕೀರವ್ವ ಇವರಿಗೆ. ಕಡಿತಕ್ಕೆ ಮುಂಚಿನ ಫೋಟೋದಲ್ಲಿ ನಳದಿಂದ ನೀರು ಬೀಳುವುದು ಕಾಣಬೇಕಾಗಿರುವುದರಿಂದ, ಸೋಮವಾರ ಬೆಳಿಗ್ಗೆ ಪೈಪಿಗೆ ಸುರಿಯಲು ಎರಡು ಕೊಡ ನೀರನ್ನು ತಾವೇ ಹೊತ್ತು ತಂದು ಒದಗಿಸತಕ್ಕದ್ದು.