ಎದ್ರುಮನೆ ಉಡ್ಗಿ ಎರಡು ಕಾಲು

ಕೊಳ್ಳೇಗಾಲದ ನಮ್ ನೇಯ್ಗೆ ಬೀದೀಲಿ ಒಂದ್ ಕೆಲ್ಸಾನೂ ನೆಟ್ಟಗೆ ನಡ್ಯಾಕಿಲ್ಲ. ನಡುದ್ರೆ ನನ್ ಬಾಯಿಗೆ ಏನ್ ಕೆಲ್ಸ ಇರ್ತಿತ್ತು ಯೋಳಿ. ನಾಕ್ನೇ ಕ್ಲಾಸಿಗೇ ಸ್ಕೂಲ್ ಬುಟ್ಟೋಳು ನಾನು. ಜಗ್ಲಿ ಮ್ಯಾಲೆ ಕುಂತು ಎದ್ರುಮನೆ ನೋಡೋದೇ ನನ್ ಓದು.

ಆ ಮನೆ ಉಡ್ಗಿ ಉದ್ದುದ್ ಗಳ ಊರ್ಕಂಡು, ಎತ್ರುಕ್ಕೆ ಅಡ್ಡ ಇಟ್ಟಿರೋ ಕೋಲ್ ದಾಟಿ ನೆಗೀತಿದ್ಲು. ಪೋಲ್‌ವಾಲ್ಟ್ ಅಂತಾರಂತೆ. ಕಾಲೇಜ್ ಸೇರ್ದಾಗಿಂದ ಹನ್ನೆರಡು ವರ್ಸ ನೆಗುದ್ಲು. ಕಪ್ ಗೆದ್ಕಂಡ್ ಬಂದ್ರೂ ಅವರವ್ವ ಕಪ್ ಕಡೆ ತಿರುಗ್ನೂ ನೋಡ್ತಿರ್ನಿಲ್ಲ. "ಕಾಲ್ ಎರಡೂ ನೆಟ್ಟಗವಾ, ಮೊದ್ಲು ತೋರ್ಸು" ಅನ್ನೋಳು. ಕಾಲ್ ಮುರ್ಕಂಡ ಎಣ್ಣ ಯಾರ್ ಮದ್ವೆ ಆದಾರು ಅಂತ ಅವಳ ದಿಗಿಲು.

ಆಸ್ಗೆ ಮಾನ

ಮೊದಮೊದ್ಲು ಬೀಳಕ್ಕೆ ಮೆತ್ತೆ ಇರ್ನಿಲ್ಲ. ಅವರವ್ವ ಬೆಳಿಗ್ಗೆ ಬೆಳಿಗ್ಗೆನೇ "ಅಕ್ಕ, ನಿಮ್ ಆಸ್ಗೆ ಒಸಿ ಕೊಡಿ" ಅಂತ ಮನೆಮನೆಗೂ ತಿರುಗಿ, ಎಲ್ಲಾನೂ ಮೈದಾನಕ್ಕೆ ಒತ್ಕಂಡೋಗಿ ಪೇರ್ಸೋಳು. ನಾನೂ ಓಗ್ತಿದ್ದೆ, ಆಟ ನೋಡಕ್ಕಲ್ಲ, ಆಸ್ಗೆ ನೋಡಕ್ಕೆ. ಯಾರ್ ಮನೇದ್ರಲ್ಲಿ ತಿಗಣೆ, ಯಾರ್ದಕ್ಕೆ ಎಷ್ಟ್ ತೇಪೆ, ಎಲ್ಲಾ ಬಿಸ್ಲಿಗೆ ಬಂತು. ನಮ್ ಬೀದಿ ಸೀರೆ ಅಂಗ್ಡಿ ಯಜಮಾನ್ತಿ ತನ್ನದು ಬೂರುಗದ ಅತ್ತಿ ಆಸ್ಗೆ ಅಂತ ಕೊಚ್ಕತಿದ್ಲು. ಉಡ್ಗಿ ಬಿದ್ದೇಟ್ಗೆ ಅದು ಪರ್ ಅಂತ ಅರ್ದು, ಒಳ್ಗಿಂದ ಅಳೇ ಲಂಗ, ಸೀರೆ ಚಿಂದಿ ಆಚೆ ಬಂದ್ವು. ಮಾರ್ನೇ ದಿನ ಆ ಯಮ್ಮನೇ ಸ್ಪಂಜಿನ ಮೆತ್ತೆ ತರ್ಸಿಕೊಟ್ಲು. ಮಾನ ಓಗೋದ್ಕಿಂತ ಮೆತ್ತೆ ವಾಸಿ.

ಗಳದ ತಾತ

ಒಂದ್ಸಲ ಚಾಮರಾಜನಗರದಲ್ಲಿ ಆಟ ಇತ್ತು. ಗಳ ಬಸ್ಸೊಳಗೆ ಇಡೀನಿಲ್ಲ. ಕಂಡಕ್ಟರು, "ಏನವ್ವ ಇದು, ಎಲ್ ಚಪ್ಪರ ಆಕಕ್ಕೆ?" ಅಂದ. ಕೊನೆಗೆ ಕಿಟಕಿ ಆಚೆ ಉದ್ದಕ್ಕೆ ಇಟ್ಟು, ಕಿಟಕಿ ಪಕ್ಕದೋರೆಲ್ಲಾ ಒಂದೊಂದ್ ಕೈ ಇಡ್ಕಂಡ್ರು. ಯಳಂದೂರು ಬಂತು. ಅಲ್ಲಿ ಇಳೀಬೇಕಾದ ತಾತ ಏಳ್ತಾನೇ ಇಲ್ಲ.

"ಇಳಿ ತಾತ" ಅಂದ ಕಂಡಕ್ಟರು.

"ನನ್ ಪಾಲಿನ ಗಳ ಯಾರ್ ಕೈಗೆ ಒಪ್ಸಲಪ್ಪ?"

ಯಾರೂ ಕೈ ನೀಡ್ನಿಲ್ಲ. ಮೊಮ್ಮಗಳ ನಾಮಕರಣಕ್ಕೆ ಒಂಟಿದ್ ತಾತ ಚಾಮರಾಜನಗರದಲ್ಲಿ ಆಟ ನೋಡ್ಕಂಡು, ಸಂಜೆ ಅದೇ ಗಳ ಇಡ್ಕಂಡ್ ಬಂದು ಯಳಂದೂರಲ್ಲಿ ಇಳ್ದ. ಅಷ್ಟೊತ್ಗೆ ಮಗೀಗೆ ಎಸ್ರಿಟ್ಟು ಉಂಡು ಮಲ್ಗಿದ್ರಂತೆ.

ನಂದು ಬರೀ ಉಳುಕು

ಓದ್ವರ್ಸ ಉಡ್ಗಿ ಕಾಲ್ ಉಳುಕಿಸ್ಕಂಡು ಬಟ್ಟೆ ಸುತ್ಕಂಡು ಬಂದ್ಲು. "ಸಾಕಾಯ್ತು ಚಿಕ್ಕವ್ವ, ಇನ್ ನೆಗ್ಯಾಕಿಲ್ಲ. ಸ್ಕೂಲಲ್ಲಿ ಪೀಟಿ ಟೀಚರ್ ಆಯ್ತೀನಿ" ಅಂತ ನನ್ ತಾವ ಅಂದ್ಲು. ಅವರವ್ವಂಗೆ ಓದ ಜೀವ ಬಂತು. ಎಂಟ್ ದಿನಕ್ಕೆ ಉಳುಕೂ ವಾಸಿ ಆಯ್ತು.

ಅಷ್ಟ್ರೊಳಗೆ ನಾನು ಕೊಳಾಯಿ ತಾವ ಒಬ್ಬಳಿಗೆ, ಒಬ್ಬಳಿಗೇ ಕಣ್ರಿ, "ಉಡ್ಗಿ ಕಾಲ್ ಉಳುಕದೆ" ಅಂದಿದ್ದೆ. ಮಾತು ಮುಳ್ಳೂರು ಮುಟ್ಟೋ ಒತ್ಗೆ ಕಾಲ್ ಮುರ್ದಿತ್ತು. ಹನೂರು ಮುಟ್ಟೋ ಒತ್ಗೆ ಮರದ್ ಕಾಲ್ ಆಕ್ಸಾಗಿತ್ತು. ನಾನ್ ಕೊಟ್ಟಿದ್ದು ಬರೀ ಉಳುಕು, ಮಿಕ್ಕಿದ್ ಬಡಗಿ ಕೆಲ್ಸ ಊರೋರ್ದು.

ಹನೂರಿನ ಬೀಗ್ರು

ಆ ಹನೂರಿಂದ್ಲೇ ಗಂಡಿನೋರು ಬರ್ಬೇಕಾ. ಅವತ್ತು ನೇಯಕ್ಕೆ ಅಂತ ಬೀದಿ ನಡುವೆ ಉದ್ದಕ್ಕೂ ಸೊಂಟದೆತ್ರ ಸೀರೆ ನೂಲು ಎಳ್ದು ಕಟ್ಟಿದ್ರು. ಒಂದೆಳೆ ಕಿತ್ರೂ ನೇಯೋರು ಸುಮ್ನೆ ಬುಡಾಕಿಲ್ಲ. ಬಂದೋರು ಆ ಕಡೆ ಮನೆಗೆ ದಾಟಕ್ಕಾಗ್ದೆ ನನ್ ಜಗ್ಲಿ ಮ್ಯಾಲೇ ಕುಂತ್ರು.

ಗಂಡಿನವ್ವ, "ನಾವ್ ಸುತ್ಕಂಡ್ ಬರಾಕಿಲ್ಲ. ಉಡ್ಗೀನೇ ಬೀದಿ ಕೊನೆ ಸುತ್ಕಂಡ್ ನಡ್ಕಂಡ್ ಬರ್ಲಿ. ಮರದ್ ಕಾಲಂತೆ, ನೋಡ್ಬೇಕು" ಅಂದ್ಲು.

ಎದ್ರು ಬಾಗ್ಲಲ್ಲಿ ಉಡ್ಗಿ ಅವ್ವ ಮಗಳ ಕಾಲನ್ನೇ ನೋಡುದ್ಲು. ಈ ಮದ್ವೆ ಮುರುದ್ರೆ ಪಾಪ ನಂದೇ.

ಉಡ್ಗಿ ಸೆರಗ್ ಸಿಕ್ಕಿಸ್ಕಂಡು, ಬಟ್ಟೆ ಒಣಗಾಕೋ ಗಳ ಎತ್ಕಂಡು, ನಾಕೆಜ್ಜೆ ಓಡ್ಬಂದು ನೆಗುದ್ಲು. ನೂಲಿನ ಒಂದೆಳೆನೂ ಅಲ್ಲಾಡ್ನಿಲ್ಲ. ಗಂಡಿನವ್ವನ ಮುಂದೆ ಎರಡೂ ಕಾಲ್ ಊರಿ ನಿಂತು, "ಕಾಫಿ ಕುಡೀತೀರಾ ಅತ್ತೆ?" ಅಂದ್ಲು.

ಗಂಡಿನವ್ವ ಕಾಲ್ ನೋಡುದ್ಲು, ಮೊಕ ನೋಡುದ್ಲು, ಮಗನ ಕಡೆ ತಿರುಗುದ್ಲು. "ಕಾಲೇನೋ ಸಂದಾಗವೆ. ಆದ್ರೆ ನಮ್ ಕಾಂಪೋಂಡು ಎದೆಮಟ್ಟ ಅಷ್ಟೇ ಕಣ್ಲಾ. ನಾಳೆ ನಾನ್ ಒಂದ್ ಮಾತ್ ಬೈದ್ರೆ, ನೆಗ್ದು ಓಡೋ ಇವಳ ಇಡ್ಯೋರ್ಯಾರು?"

ಗಂಡು ಉಡ್ಗೀನೇ ನೋಡ್ತಾ, "ಗೇಟ್ ತೆಗ್ದೇ ಇಟ್ರೆ ಯಾಕವ್ವ ನೆಗೀತಾಳೆ?" ಅಂದ.

ಗಂಡಿನವ್ವ ಉಡ್ಗಿ ಕೈಲಿದ್ದ ಗಳ ಇಸ್ಕಂಡು ನನ್ ಗೋಡೆಗೆ ಒರಗ್ಸುದ್ಲು. "ಆಯ್ತು, ಗೇಟ್ ತೆಗ್ದೇ ಇಡವ. ಗಳ ಮಾತ್ರ ಇಲ್ಲೇ ಇರ್ಲಿ."