ಪೌಡರ್ ಹಾಕಿದವರಿಗೆ ಪ್ರವೇಶವಿಲ್ಲ

ನಮ್ಮ ಪುಟ್ಟಿ ಬೆಳಿಗ್ಗೆ ಕ್ಲಾಸಿಗೆ ಬಂದ ಕೂಡಲೇ ಮಾಡೋ ಮೊದಲ ಕೆಲಸ, ಕಿಟಕಿ ಕಟ್ಟೆ ಮೇಲಿರೋ ನೀರಿನ ಬಾಟಲಿಗಳನ್ನೆಲ್ಲ ಗಿಡ್ಡದರಿಂದ ಉದ್ದದವರೆಗೆ ಸಾಲಾಗಿ ಜೋಡಿಸೋದು. ಅರ್ಧ ಜೋಡಿಸೋಷ್ಟರಲ್ಲಿ ಹೊರಗೆ ಅಳಿಲು ಕಂಡರೆ ಮುಗೀತು, ಅವಳು ಅಳಿಲಿನ ಹಿಂದೆ. ಅವಳಿಗೆ ಆಟಿಸಂ, ಎಡಿಎಚ್‌ಡಿ ಎರಡೂ ಇವೆ. ಸಾಲು ತಪ್ಪಬಾರದು ಅಂತ ಒಂದು ಹಟ ಹಿಡಿಯುತ್ತೆ, ಸಾಲು ಮುಗಿಯೋವರೆಗೆ ನಿಲ್ಲೋಕೆ ಇನ್ನೊಂದು ಬಿಡೋಲ್ಲ.

ಕನಕಪುರದ ಒಂದು ಶಾಲೆಯಲ್ಲಿ, ಮೂರನೇ ಕ್ಲಾಸಿನ ಈ ಪುಟ್ಟಿಯ ಪಕ್ಕ ಕೂರೋದು ನನ್ನ ಉದ್ಯೋಗ. ಮಕ್ಕಳು ನನ್ನನ್ನು ‘ಪಕ್ಕದ ಮಿಸ್’ ಅಂತಾರೆ. ನಾಲ್ಕು ಜನರ ಮುಂದೆ ಬಾಯಿ ಬಿಡೋಕೆ ಹೆದರೋ ನನಗೆ ಇದು ಹೇಳಿ ಮಾಡಿಸಿದ ಕೆಲಸ, ಸುಮ್ಮನೆ ಕೂತಿದ್ದರಾಯ್ತು ಅಂದುಕೊಂಡಿದ್ದೆ. ಸುಮ್ಮನೆ ಕೂತ ದಿನ ಒಂದೂ ನೆನಪಿಲ್ಲ.

ಅವಳನ್ನು ಸೇರಿಸಿಕೊಳ್ಳುವಾಗ ಎಚ್‌ಎಂ ಮೇಡಂ ಪುಟ್ಟಿಯ ಅಮ್ಮನಿಗೆ, “ಒಂದು ವರ್ಷ ಇರಲಿ. ಮುಂದಿನ ವರ್ಷಕ್ಕೆ ಇಟ್ಕೊಳ್ಳೋದಾ ಬೇಡವಾ ಅಂತ ಆಮೇಲೆ ನೋಡೋಣ” ಅಂದಿದ್ದರು. ಬೇರೆ ಶಾಲೆಗಳವರು ಬಾಗಿಲಲ್ಲೇ ವಾಪಸ್ ಕಳಿಸಿದ್ದರಿಂದ ಅಮ್ಮ ಅಷ್ಟಕ್ಕೇ ಕೈಮುಗಿದಿದ್ದರು. ಅವತ್ತಿಂದ ದಿನಾ ಸಂಜೆ ಗೇಟಿನಲ್ಲಿ ನನಗೊಂದೇ ಪ್ರಶ್ನೆ: “ಮೇಡಮ್ಮೋರು ಏನಾರ ಅಂದ್ರಾ ಮಿಸ್?”

ಬಾಟಲಿ ಸಾಲು

ಒಂದಿನ ಪುಟ್ಟಿ ಅಳಿಲು ಮುಗಿಸಿಕೊಂಡು ವಾಪಸ್ ಬರೋಷ್ಟರಲ್ಲಿ ಕ್ಲಾಸಿನ ಮಕ್ಕಳೇ ಉಳಿದ ಬಾಟಲಿಗಳನ್ನು ಜೋಡಿಸಿ ಮುಗಿಸಿದ್ದರು. ನಾನೇನೂ ಹೇಳಿರಲಿಲ್ಲ. ಪುಟ್ಟಿ ಬಗ್ಗಿ ನೋಡಿದಳು, ಒಂದು ಬಾಟಲಿಯ ಜಾಗ ಬದಲಿಸಿದಳು, ಸರಿ ಅಂತ ತಲೆ ಆಡಿಸಿದಳು. ಕ್ಲಾಸೆಲ್ಲ ಚಪ್ಪಾಳೆ. ಆಮೇಲೆ ಅದೇ ಪದ್ಧತಿಯಾಯ್ತು.

ವಾರ ಕಳೆದ ಮೇಲೆ ಒಬ್ಬ ಹುಡುಗನ ಅಪ್ಪ ಬಂದು ನನ್ನನ್ನು ವಿಚಾರಿಸಿಕೊಂಡರು. “ಏನ್ ಮಿಸ್, ನಮ್ಮ ಹುಡುಗ ಚೆನ್ನಾಗಿರೋ ಬಾಟ್ಲು ಬ್ಯಾಡ ಅಂತವ್ನೆ. ಒಸಿ ಗಿಡ್ಡಂದು ಕೊಡ್ಸಪ್ಪ, ಸಾಲಲ್ಲಿ ಮುಂದಕ್ಕೋಗ್ಬೇಕು ಅಂತಾನೆ. ನಿಮ್ಮ ಸ್ಕೂಲಲ್ಲಿ ಬಾಟ್ಲಿಗೂ ರ‍್ಯಾಂಕ್ ಕೊಡ್ತೀರಾ?”

ಬಾಯಿ ಮೇಲೆ ಬೆರಳು

ಕ್ಲಾಸ್ ಟೀಚರ್ ಒಮ್ಮೆ ಗಲಾಟೆ ತಡೆಯಲಾರದೆ “ಎಲ್ಲರೂ ಬಾಯಿ ಮೇಲೆ ಬೆರಳು!” ಅಂದು, ಹಾಗೇ ರಾಮನಗರದ ಟ್ರೈನಿಂಗಿಗೆ ಹೊರಟುಬಿಟ್ಟರು. ಅವರು ಗೇಟು ದಾಟೋ ಮೊದಲೇ ಮಿಕ್ಕ ಮಕ್ಕಳ ಬೆರಳು ಇಳಿದವು. ಪುಟ್ಟಿಯದು ಇಳಿಯಲಿಲ್ಲ. ಬೆರಳು ತೆಗೀರಿ ಅಂತ ಟೀಚರ್ ಹೇಳಿಲ್ಲವಲ್ಲ! ಹಾಗಂತ ಕೂತಲ್ಲಿ ಕೂರೋಕೂ ಆಗದು. ಬಾಯಿ ಮೇಲೆ ಬೆರಳಿಟ್ಟುಕೊಂಡೇ ಮೈದಾನ ಸುತ್ತಿದಳು, ಜಾರುಬಂಡೆ ಜಾರಿದಳು. ಊಟದ ಬೆಲ್ ಆದಾಗ ಡಬ್ಬಿ ತೆರೆದು ಚಿತ್ರಾನ್ನವನ್ನೂ ನನ್ನನ್ನೂ ನೋಡಿದಳು.

“ನಾನು ಹೇಳ್ತಿದ್ದೀನಲ್ಲ, ತೆಗಿ” ಅಂದೆ. ಊಹೂಂ. ಪಕ್ಕದ ಮಿಸ್ಸಿಗೆ ಆ ಅಧಿಕಾರ ಇಲ್ಲ.

ಟೀಚರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವರಿದ್ದದ್ದು ತುಂಬಿದ ಬಸ್ಸಿನಲ್ಲಿ. ಗದ್ದಲದ ನಡುವೆ ಗಂಟಲು ಹರಿಯೋ ಹಾಗೆ ಕೂಗಿದರು: “ಬೆರಳು ತೆಗೀ!”

ಪುಟ್ಟಿ ತೆಗೆದಳು. ಬಸ್ಸಿನಲ್ಲಿ ಟೀಚರ್ ಮುಂದಿನ ಸೀಟಿನ ಯಜಮಾನರೂ ಬೆಚ್ಚಿಬಿದ್ದು ಮೂಗಿನಿಂದ ತೆಗೆದರಂತೆ.

ಭಾಷಣ

ಕೇಳಿದ ಮಾತನ್ನು ಅದೇ ರಾಗದಲ್ಲಿ ತಿರುಗಿ ಹೇಳೋದು ಪುಟ್ಟಿಯ ಇನ್ನೊಂದು ವಿದ್ಯೆ. ಇದು ಗೊತ್ತಿದ್ದೂ ನಾನು ಒಂದಿನ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಲ್ಲಿ ಮೈಮರೆತೆ. ಎಚ್‌ಎಂ ಮೇಡಂ ಶಿಸ್ತಿನ ಬಗ್ಗೆ ಮಾತಾಡುತ್ತಿದ್ದರು, ಬಿಸಿಲು ಏರುತ್ತಿತ್ತು. ನನ್ನಷ್ಟಕ್ಕೆ ನಾನೇ, “ಅಯ್ಯೋ ದೇವ್ರೇ, ಇವ್ರು ಯಾವಾಗ ಮುಗಿಸ್ತಾರೋ” ಅಂದೆ.

ಮೇಡಂ ಉಸಿರು ತಗೊಳ್ಳೋಕೆ ನಿಲ್ಲಿಸಿದ ಗಳಿಗೆಗೆ ಸರಿಯಾಗಿ ಪುಟ್ಟಿಯ ಗಂಟೆಯಂಥ ಧ್ವನಿ: “ಅಯ್ಯೋ ದೇವ್ರೇ, ಇವ್ರು ಯಾವಾಗ ಮುಗಿಸ್ತಾರೋ!”

 ಮೇಡಂ ಕನ್ನಡಕ ಸರಿಮಾಡಿಕೊಂಡು ನಮ್ಮ ಕಡೆ ದಿಟ್ಟಿಸಿದರು. “ಈಗಲೇ” ಅಂದು ಇಳಿದು ಹೋದರು. ಪುಟ್ಟಿಯ ಮುಂದಿನ ವರ್ಷ ನನ್ನ ಬಾಯಿಂದಲೇ ಹಾಳಾಯ್ತಲ್ಲ ಅಂತ ನನಗೆ ಅಳು ಬಂತು. ಪಿಟಿ ಮಾಸ್ಟರು ಹತ್ತಿರ ಬಂದು ಮೆಲ್ಲಗೆ, “ನಾಳೆ ಒಸಿ ಬೇಗ್ನೆ ಹೇಳ್ಸಿ ಮಿಸ್” ಅಂದರು.

ಹುಳು ಮನೆ

ವರ್ಷ ಮುಗಿಯುತ್ತಾ ಬಂದಿತ್ತು, ಮೇಡಂ ಇನ್ನೂ ಏನೂ ಹೇಳಿರಲಿಲ್ಲ. ಕ್ಲಾಸಿನಲ್ಲಿ ರೇಷ್ಮೆಯ ಪಾಠ. ಕೋಡಿಹಳ್ಳಿ ಕಡೆ ಪುಟ್ಟಿಯ ಅಜ್ಜಿ ರೇಷ್ಮೆ ಹುಳು ಸಾಕುತ್ತಾರೆ ಅಂತ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೊರಟೆವು. ಎಚ್‌ಎಂ ಮೇಡಂ ಕೂಡ ಹೊರಟರು, “ಈ ಹುಡುಗೀನೂ ಒಂದ್ಸಲ ಸರಿಯಾಗಿ ನೋಡಿದ ಹಾಗಾಗುತ್ತೆ” ಅಂತ. ಅಲ್ಲಿ ಕಾಯುತ್ತಿದ್ದ ಅಮ್ಮ ನನ್ನ ಕಿವಿಯಲ್ಲಿ, “ಇವತ್ತೊಂದಿನ ಸುಮ್ಕಿರಂಗೆ ನೋಡ್ಕಳಿ ಮಿಸ್” ಅಂದರು.

ಹುಳು ಮನೆ ಬಾಗಿಲಲ್ಲಿ ಪುಟ್ಟಿ ಎರಡೂ ಕೈ ಅಗಲಿಸಿ ಅಡ್ಡ ನಿಂತಳು. “ಕಾಲು ತೊಳಿ.”

ಅಜ್ಜಿ ವಿವರಿಸಿದರು: “ಹುಳ ಬಲೇ ಸೂಕ್ಸ್ಮ ಕಣ್ರಪ್ಪ. ಹೊಗೆಸೊಪ್ಪು, ಸೆಂಟು, ಪೌಡ್ರು, ಯಾವ ವಾಸ್ನೇನೂ ಆಗಕ್ಕಿಲ್ಲ.”

ಪುಟ್ಟಿ ಒಬ್ಬೊಬ್ಬರನ್ನೇ ಮೂಸಿ ಮೂಸಿ ಒಳಗೆ ಬಿಟ್ಟಳು. ಪಿಟಿ ಮಾಸ್ಟರು ಜೇಬು ಮುಟ್ಟಿ ನೋಡಿಕೊಂಡು, “ನಾನು ಚಪ್ಪಲಿ ಕಾಯ್ತೀನಿ” ಅಂತ ತಾವೇ ಹಿಂದೆ ಸರಿದರು. ಕೊನೆಗೆ ಬಂದವರು ಎಚ್‌ಎಂ. ನಮ್ಮ ಶಾಲೆಯಲ್ಲಿ ಮೊದಲು ಮೇಡಂ ಪೌಡರಿನ ಘಮ ಬರುತ್ತೆ, ಆಮೇಲೆ ಮೇಡಂ.

ಪುಟ್ಟಿ ಮೂಸಿದಳು. “ಪೌಡ್ರು. ಆಚೆ.”

ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. ಮೇಡಂ ಅಜ್ಜಿ ಕಡೆ ತಿರುಗಿದರು: “ಏನಮ್ಮಾ ಇದು?”

“ನಾನೇನ್ ಮಾಡ್ಲಿ ಮೇಡಮ್ಮೋರೆ? ತಲೆಗೆ ಎಣ್ಣೆ ಹಚ್ಕೊಂಡಿದ್ದೆ ಅಂತ ಹೋದ ಸಲ ನನ್ನೇ ಆಚೆ ಹಾಕ್ಬುಟ್ಟಿದ್ಲು.”

ಮೇಡಂ ಕಿಟಕಿಯ ಸೊಳ್ಳೆ ಪರದೆಗೆ ಮುಖ ಒತ್ತಿ ನಿಂತರು. ಒಳಗೆ ಹುಳುಗಳು ಸೊಪ್ಪು ಮೇಯುತ್ತಿದ್ದವು. ಎಲೆ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ಪುಟ್ಟಿ ಬಾಯಿ ಮೇಲೆ ಬೆರಳಿಟ್ಟಳು. ಅಷ್ಟೂ ಮಕ್ಕಳು ಇಟ್ಟರು. ಅಳಿಲಿನ ಹಿಂದೆ ಓಡೋ ಹುಡುಗಿ ಹುಳುಗಳ ತಟ್ಟೆಯ ಮುಂದೆ ಅಲುಗಾಡದೆ ನಿಂತಿದ್ದಳು.

ಎಷ್ಟೋ ಹೊತ್ತಾದ ಮೇಲೆ ಪರದೆಯ ಆಚೆಯಿಂದ ಮೇಡಂ ಪಿಸುಗುಟ್ಟಿದರು: “ಪುಟ್ಟಿ, ಮುಂದಿನ ವರ್ಷ ನಿಮ್ಮ ನಾಲ್ಕನೇ ಕ್ಲಾಸಿನ ಜೊತೆ ಮತ್ತೆ ಬರ್ತೀನಮ್ಮ...”

ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

“...ಪೌಡರ್ ಹಾಕ್ಕೊಳ್ಳಲ್ಲ. ಆಗಲಾದ್ರೂ ನನ್ನನ್ನ ಒಳಗೆ ಬಿಡ್ತೀಯಾ?”

ಪುಟ್ಟಿ ತಿರುಗಿಯೂ ನೋಡಲಿಲ್ಲ. ಮೇಡಂ ಕಾಯುತ್ತಾ ನಿಂತೇ ಇದ್ದರು.